ಬೋರೆಯ ಮೇಲಿನ ಒಲೆಗುಂಡು

ಮಾಚೇಕಟ್ಟೆ ಊರು ಬೆಟ್ಟಮ್ಮನ ಮನೆಗೆ ಒಂದು ಸುಗ್ಗಿಯ ಆಯ ಇನ್ನೂ ಬಾಕಿ ಇಟ್ಟುಕೊಂಡಿದೆ. ಆಯ ಅಂದರೆ ಕೂಲಿ. ವರ್ಷವೆಲ್ಲ ಕೆರೆಯ ತೂಬು ಕಾದು, ಗದ್ದೆಗದ್ದೆಗೂ ನೀರು ಹಾಯಿಸುವ ನೀರುಗಂಟಿಗೆ ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಮೊರ ತುಂಬ ಧಾನ್ಯ ಹಾಕಬೇಕು. ಕೆರೆ ಒಡೆದ ವರ್ಷ ಹಾಕಲಿಲ್ಲ. "ಕೆರೆನೇ ಇಲ್ಲ, ಇನ್ನು ಕಾಯೋದೇನು, ಮಣ್ಣಾ?" ಅಂದರು. ಒಡೆಯುವ ದಿನದವರೆಗೂ ಬೆಟ್ಟಮ್ಮನ ಗಂಡ ಬೈರಯ್ಯ ಕಾದಿದ್ದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೊಡಬೇಕಾದವರೂ ಸತ್ತರು, ಈಸಿಕೊಳ್ಳಬೇಕಾದವರೂ ಸತ್ತರು, ಬಾಕಿ ಮಾತ್ರ ಸತ್ತಿಲ್ಲ. ಅಷ್ಟು ಹೇಳಿ ಮುಂದಕ್ಕೆ ಹೋಗೋಣ. ಇದು ರಾಗಿಯ ಕಥೆಯಲ್ಲ.

ಬೆಟ್ಟಮ್ಮ ಹುಟ್ಟಿದ್ದು ಕೊಣನೂರಿನ ಮಗ್ಗುಲಲ್ಲಿ, ಕಾವೇರಿ ದಂಡೆಯ ಒಂದು ಕೇರಿಯಲ್ಲಿ. ಹುಟ್ಟಿದಾಗಿನಿಂದ ಕಿವಿಯೊಳಗೆ ಹೊಳೆಯ ಸದ್ದು ಇದ್ದದ್ದರಿಂದ ಅದು ಹೊಳೆಯದೋ ತನ್ನ ತಲೆಯೊಳಗಿನದೋ ಅನ್ನುವುದು ಅವಳಿಗೆ ಬಹಳ ಕಾಲ ತಿಳಿದಿರಲಿಲ್ಲ. ಮದುವೆಯಾಗಿ ಹೊರಡುವ ದಿನ ಅವಳವ್ವ ನಂಜಮ್ಮ ಮಂಡಿವರೆಗೂ ಹೊಳೆಗಿಳಿದು, ಕಾಲಿನಲ್ಲೇ ತಡವಿ ತಡವಿ, ಮೂರು ಗುಂಡುಕಲ್ಲು ಆಯ್ದು ತಂದಳು. ನೀರು ಎಷ್ಟೋ ಕಾಲ ನೆಕ್ಕಿ ನೆಕ್ಕಿ ನುಣುಪು ಮಾಡಿದ್ದ ಕರೀ ಕಲ್ಲುಗಳು. ಚಿನ್ನ ಇದ್ದವರು ಚಿನ್ನ ಕೊಡುತ್ತಾರೆ, ನಂಜಮ್ಮನ ಹತ್ತಿರ ಇದ್ದದ್ದು ಹೊಳೆ.

"ಒಲೆಗುಂಡು ತವರಿಂದಾದ್ರೆ ಹೊಟ್ಟೆ ತಣ್ಣಗಿರ್ತದೆ ಕಣಮ್ಮಿ. ಎಲ್ಲಿಗೋದ್ರೂ ಇವ್ನ ಬುಟ್ಟು ಓಗ್ಬ್ಯಾಡ," ಅಂದು ಹಳೆ ಸೀರೆಯಲ್ಲಿ ಕಟ್ಟಿಕೊಟ್ಟಳು.

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಎಲ್ಲಾ ದಾಟಿ, ಬಾಗೂರಿಗೂ ನುಗ್ಗೇಹಳ್ಳಿಗೂ ನಡುವೆ ಇರುವ ಮಾಚೇಕಟ್ಟೆಗೆ ದಿಬ್ಬಣ ನಡೆದೇ ಬಂತು. ಗಂಟು ಹೊತ್ತವನು ಮದುಮಗ ಬೈರಯ್ಯ. ಹೊಳೆನರಸೀಪುರದವರೆಗೆ ಸುಮ್ಮನೆ ಹೊತ್ತ. ಹೇಮಾವತಿ ದಾಟಿದ ಮೇಲೆ ಬೈಯುತ್ತಾ ಹೊತ್ತ.

"ನಮ್ಮೂರಲ್ಲಿ ಬೆಳೆಯೋದೇ ಕಲ್ಲು. ಆ ಊರಿಗೆ ಕಲ್ಲು ಒತ್ಕಬಂದ ಗಂಡು ನಾನೊಬ್ನೇ ಇರ್ಬೇಕು."

"ನಿಮ್ಮೂರ ಕಲ್ಲು ಮುಟ್ಟಿದ್ರೆ ಗೀರ್ತದಂತೆ. ಇದ್ನ ಮುಟ್ಟಿ ನೋಡು, ಕೂಸಿನ ಕೆನ್ನೆ ಇದ್ದಂಗದೆ," ಅಂದಳು ಹಿಂದಿನಿಂದ ಮದುಮಗಳು. ಗಂಡನ ಜೊತೆ ಅವಳು ಆಡಿದ ಮೊದಲ ಮಾತು ಅದು.

ಮಾಚೇಕಟ್ಟೆಯಲ್ಲಿ ಹೊಳೆ ಇರಲಿಲ್ಲ. ಕೆಂಪು ನೆಲ, ತೆಂಗು, ರಾಗಿ ಹೊಲ, ಒಂದು ಕೆರೆ. ಹೊಸದರಲ್ಲಿ ಬೆಟ್ಟಮ್ಮನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಸದ್ದಿಲ್ಲದ ಊರು ಉಸಿರಾಡದೆ ಮಲಗಿದ ಮನುಷ್ಯನ ಹಾಗೆ ಅವಳಿಗೆ ಭಯ ಹುಟ್ಟಿಸುತ್ತಿತ್ತು. ಕೇರಿ ಇದ್ದದ್ದು ಕೆರೆ ಏರಿಯ ಬುಡದ ತಗ್ಗಿನಲ್ಲಿ. ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಏರಿ ಆಕಾಶಕ್ಕೆ ಹಾಕಿದ ಗೋಡೆಯಂತೆ ಕಾಣುವುದು. ಆ ಗೋಡೆಯ ಹಿಂದೆ ನೀರು ತುಂಬಿದ ತಿಂಗಳುಗಳಲ್ಲಿ ಅವಳಿಗೆ ಒಂದೇ ಯೋಚನೆ.

"ನಮ್ಮ ಸೂರಿಗಿಂತ ಮೇಲೆ ಮೀನು ಓಡಾಡ್ತಾವಲ್ಲ ಮಾರಾಯ."

"ಓಡಾಡ್ಲಿ ಬುಡು. ಅವೇನು ನಿನ್ನ ಗಂಜಿ ಕೇಳ್ತಾವಾ?" ಅನ್ನುತ್ತಿದ್ದ ಬೈರಯ್ಯ.

ತಗ್ಗಿನಲ್ಲಿ ಕೇರಿ, ಅದಕ್ಕಿಂತ ಒಂದಾಳು ಮೇಲೆ ಹಳ್ಳದ ದಂಡೆಗೆ ಊರು. ಎರಡಕ್ಕೂ ಮೇಲೆ, ಬಡಗಲಿಗೆ, ಒಂದು ದೊಡ್ಡ ಬೋರೆ. ಬೋರೆ ಅಂದರೆ ಉಳುಮೆಗೆ ಬಾರದ ಎತ್ತರದ ಬರಡು ನೆಲ. ಅಲ್ಲಿ ಲಂಟಾನ, ಕಳ್ಳಿ, ಮೇಯುವ ದನ. ಮನುಷ್ಯರು ಇರಬಾರದು ಅಂತ ಏನೂ ಇರಲಿಲ್ಲ. ಆದರೆ ಊರಿನವರಿಗೆ ಊರು ಬಿಟ್ಟು ಏರುವ ಅಗತ್ಯ ಬಿದ್ದಿರಲಿಲ್ಲ. ಕೇರಿಯವರು ಏರಿದರೆ ಊರಿಗಿಂತ ಮೇಲಾಗುತ್ತಾರೆ. ಆದ್ದರಿಂದ ಅದು ದನಕ್ಕೇ ಇತ್ತು.

ಮೂವತ್ತರ ದಶಕ ಮುಗಿಯುತ್ತಾ ಬಂದಿತ್ತು. ಆ ವರ್ಷ ಮುಂಗಾರು ಮೊಂಡಾಟ ಹೂಡಿತು, ಕೆರೆ ಅರ್ಧಕ್ಕೆ ನಿಂತಿತು. ಗದ್ದೆಯವರು ಕೂಡಿ ಒಂದು ಉಪಾಯ ಮಾಡಿದರು. ಕೋಡಿ, ಅಂದರೆ ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹರಿದುಹೋಗುವ ಬಾಯಿ, ಅದಕ್ಕೆ ಕಲ್ಲು ಮಣ್ಣು ಅಡ್ಡ ಹಾಕಿ ಎತ್ತರಿಸಿದರು. ಮುಂದೆ ಬರುವ ನೀರೆಲ್ಲ ಕೆರೆಯಲ್ಲೇ ಉಳಿಯಲಿ ಅಂತ. ಅದು ತಪ್ಪು ಅನ್ನುವುದು ಊರಿನ ಎಮ್ಮೆಗಳಿಗೂ ಗೊತ್ತಿತ್ತು. ಪಟೇಲ ಈಶ್ವರಯ್ಯನಿಗೆ ಗೊತ್ತಿತ್ತು. ಬೈರಯ್ಯನಿಗೂ ಗೊತ್ತಿತ್ತು. ಬೈರಯ್ಯನನ್ನು ದೇವರು ಮಾಡುವುದು ಬೇಡ. ಕೋಡಿಗೆ ಕಲ್ಲು ಹೊತ್ತು ಹಾಕಿದವನು ಅವನೇ. ಒಂದು ಸೇರು ಬತ್ತ ಕೊಟ್ಟರು, ಹೊತ್ತ.

ಆಮೇಲೆ ಚಿತ್ತೆ ಮಳೆ ಬಂತು. ಚಿತ್ತೆ ಮಳೆಗೆ ತಲೆ ಸರಿಯಿಲ್ಲ ಅನ್ನುವುದು ಆ ಕಡೆಯ ಮಾತು. ಎಲ್ಲಿ ಮನಸ್ಸಾದರೆ ಅಲ್ಲಿ ಬೀಳುತ್ತದೆ. ಆ ಸಲ ಅದಕ್ಕೆ ಮಾಚೇಕಟ್ಟೆಯ ಮೇಲೆಯೇ ಮನಸ್ಸಾಯಿತು. ದಿನಾ ಮಧ್ಯಾಹ್ನ ಬಿಸಿಲು ಹಿತ್ತಾಳೆ ಬಣ್ಣಕ್ಕೆ ತಿರುಗುವುದು, ಗಾಳಿ ನಿಲ್ಲುವುದು, ಕೋಳಿ ಗೂಡಿಗೆ ಹೋಗುವುದು. ಆಮೇಲೆ ಆಕಾಶದೊಳಗೆ ಯಾರೋ ಬಂಡೆ ಉರುಳಿಸಿದ ಹಾಗೆ ಗುಡುಗು. ಸಿಡಿಲಿಗೆ ಪಟೇಲರ ತೋಟದ ತೆಂಗಿನ ಮರ ನೆತ್ತಿಯಿಂದ ಹೊತ್ತಿಕೊಂಡು ಮಳೆಯಲ್ಲೇ ಉರಿಯಿತು. ಬೆಟ್ಟಮ್ಮ ಬಾಗಿಲಲ್ಲಿ ಕೂತು ಅದನ್ನೇ ನೋಡಿದಳು. ನೀರೊಳಗೆ ಬೆಂಕಿ. ತಾನು ನಿದ್ದೆಯಲ್ಲಿದ್ದೀನಾ ಎಚ್ಚರದಲ್ಲಿದ್ದೀನಾ ಅಂತ ತೊಡೆ ಚಿವುಟಿಕೊಂಡಳು.

ನಾಲ್ಕಾರು ದಿನ ಹೀಗೇ ಸುರಿದ ಮೇಲೆ ಒಂದು ಮುಂಜಾವ, ಇನ್ನೂ ಕತ್ತಲು ಹರಿದಿರಲಿಲ್ಲ, ಬೆಟ್ಟಮ್ಮನಿಗೆ ಹೊಳೆಯ ಸದ್ದು ಕೇಳಿಸಿತು. ಕೊಣನೂರಿನ ಹೊಳೆ, ಅದೇ ರಾಗ. ನಿದ್ದೆಗಣ್ಣಲ್ಲಿ ಅವಳಿಗೆ ಸಂತೋಷವೇ ಆಯಿತು. ಇಷ್ಟು ವರ್ಷದ ಮೇಲೆ ತವರಿನವರು ಕರೆಯಲು ಬಂದಿದ್ದಾರೆ, ಹೊಳೆಯನ್ನೇ ಕಳಿಸಿದ್ದಾರೆ ಅಂದುಕೊಂಡಳು. ನೀರು ಹಟ್ಟಿ ಬಾಗಿಲಿಗೆ ಬಂದು ನಿಂತು ಬೆಟ್ಟೀ ಅಂತ ಕರೆಯುತ್ತಿದೆ.

ಕರೆದದ್ದು ಬೈರಯ್ಯ. ಏರಿಯ ಮೇಲಿಂದ ಓಡಿಬರುತ್ತಿದ್ದವನು ಗಂಟಲು ಹರಿಯುವಂತೆ ಕೂಗುತ್ತಿದ್ದ: "ಏರಿ ಮೇಲೆ ನೀರು ಅರೀತದೆ! ಬೋರೆಗೆ ಓಡ್ರಲಾ! ಬೋರೆಗೆ!"

ಕೇರಿ ಎದ್ದು ಓಡಿತು. ಕೂಸು, ಕೋಳಿ, ಕಂಬಳಿ, ಸಿಕ್ಕಿದ್ದು ಎತ್ತಿಕೊಂಡು ಓಡಿತು. ಬೈರಯ್ಯನ ಚಿಕ್ಕಪ್ಪ ದ್ಯಾವಯ್ಯ ಮಾತ್ರ ಕಂಬಳಿ ಮುಖದ ಮೇಲೆ ಎಳೆದುಕೊಂಡು, "ವರ್ಸಾ ವರ್ಸಾ ಇಂಗೇ ಕೂಗ್ತೀರಿ, ಓಗ್ರಲಾ," ಅಂದ. ಅವನನ್ನು ಎಳೆಯಲು ಹೋದವರ ಕೈಗೆ ಕಂಬಳಿ ಬಂತು, ಅವನು ಬರಲಿಲ್ಲ.

ಬೆಟ್ಟಮ್ಮ ಒಲೆಯ ಮುಂದೆ ಕೂತು ಗುಂಡು ಕೀಳುತ್ತಿದ್ದಳು.

"ಅಕ್ಕಯ್ಯಾ, ತಲೆ ಕೆಟ್ಟದಾ? ರಾಗಿ ಮಡಕೆ ಎತ್ಕ!" ಅಂದಳು ವಾರಗಿತ್ತಿ ಮಾಯಮ್ಮ, ಬೈರಯ್ಯನ ತಮ್ಮನ ಹೆಂಡತಿ.

"ರಾಗಿ ನೀನು ಎತ್ಕ. ಇದು ನಮ್ಮವ್ವ ಕೊಟ್ಟಿದ್ದು."

ಮೂರು ಗುಂಡನ್ನೂ ಸೆರಗಿನಲ್ಲಿ ಕಟ್ಟಿ ಸೊಂಟಕ್ಕೆ ಇರುಕಿಕೊಂಡು ಅವಳು ಬೋರೆ ಏರಿದಳು. ಅರ್ಧ ಏರಿದ್ದಾಗ ಹಿಂದೆ ಒಂದು ಸದ್ದಾಯಿತು. ಗುಡುಗಲ್ಲ. ದೊಡ್ಡ ಪ್ರಾಣಿಯೊಂದು ಮಗ್ಗುಲು ಬದಲಿಸಿ ನಿಟ್ಟುಸಿರು ಬಿಟ್ಟ ಹಾಗಿತ್ತು. ಏರಿ ನಡುವಿಗೆ ಬಾಯಿ ಬಿಟ್ಟಿತ್ತು.

ಬೆಳಕು ಹರಿದಾಗ ಕೇರಿ ಇರಲಿಲ್ಲ. ಇತ್ತು ಅನ್ನುವುದಕ್ಕೆ ಗುರುತೂ ಇರಲಿಲ್ಲ. ತಗ್ಗೆಲ್ಲ ಚಹಾ ಬಣ್ಣದ ನೀರು, ನೀರಿನ ಮೇಲೆ ಮೋಡ, ಮೋಡದ ಮೇಲೆ ಇನ್ನೊಂದು ಮೋಡ. ಮಳೆ ಸಣ್ಣಗೆ ಹಿಡಿದಿತ್ತು. ಬೋರೆಯ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತ ಬೆಟ್ಟಮ್ಮನ ಕಣ್ಣ ಮುಂದೆ ಒಂದೊಂದಾಗಿ ತೇಲಿಹೋಗುತ್ತಿದ್ದವು: ಒಂದು ಹುಲ್ಲಿನ ಮೆದೆ, ಇಡಿಯಾಗಿ, ಅದರ ನೆತ್ತಿಯಲ್ಲಿ ಒಂದು ಹುಂಜ. ಕುಂಬಳಕಾಯಿಗಳ ಸಾಲು, ಬಾತುಗಳ ಹಾಗೆ. ಯಾರದೋ ಮನೆಯ ಬಾಗಿಲು, ಮುಚ್ಚಿಕೊಂಡೇ. ಒಂದು ತೊಟ್ಟಿಲು ಬಂದಾಗ ಹೆಂಗಸರೆಲ್ಲ ಎದ್ದು ನಿಂತರು. ಹತ್ತಿರ ಬಂದಾಗ ಒಳಗೆ ಈರುಳ್ಳಿ ಇತ್ತು. ಯಾರೂ ನಗಲಿಲ್ಲ, ಆಮೇಲೆ ಎಲ್ಲರೂ ನಕ್ಕರು. ಯಾವುದಕ್ಕೂ ಅವಸರವಿರಲಿಲ್ಲ. ಎಲ್ಲವೂ ಎಲ್ಲಿಗೋ ನೆಂಟರ ಮನೆಗೆ ಹೊರಟ ಹಾಗೆ ಮೆಲ್ಲಗೆ, ತಿರುತಿರುಗಿ ಹಿಂದೆ ನೋಡುತ್ತಾ ಹೋಗುತ್ತಿದ್ದವು. ಎಲ್ಲವೂ ತವರಿಗೆ ಹೋಗುತ್ತಿವೆ ಅನ್ನಿಸಿತು ಬೆಟ್ಟಮ್ಮನಿಗೆ. ತಾನೊಬ್ಬಳೇ ಇಲ್ಲಿ ಉಳಿದೆ.

ಹೊಸ ಜಾಗದಲ್ಲಿ ಒಲೆ ಹೂಡುವಾಗ ಗುಂಡು ತೊಳೆದು, ಅರಿಶಿನ ಹಚ್ಚಿ, ಕುಂಕುಮ ಇಟ್ಟು ಆಮೇಲೆ ಬೆಂಕಿ ಹಾಕುವುದು ಅವರಲ್ಲಿ ರೂಢಿ. ಮಾಯಮ್ಮನ ಎಲೆಅಡಿಕೆ ಚೀಲದಲ್ಲಿ ಒಂದು ಅರಿಶಿನದ ಕೊಂಬಿತ್ತು, ಕುಂಕುಮದ ಭರಣಿಯೂ ಇತ್ತು. ಬೆಟ್ಟಮ್ಮ ಒಂದು ಬಂಡೆಯ ಮರೆಯಲ್ಲಿ ಮೂರು ಗುಂಡು ಹೂಡಿದಳು. ಮಸಿಯನ್ನು ಮಣ್ಣು ಹಾಕಿ ತಿಕ್ಕಿದಳು, ಮಳೆ ತೊಳೆದು ಕೊಟ್ಟಿತು, ಅರಿಶಿನ ತೇಯ್ದು ಹಚ್ಚಿ ಕುಂಕುಮ ಇಟ್ಟಳು. ಇನ್ನು ಬೇಕಾದದ್ದು ಒಣಸೌದೆ. ಕಳ್ಳಿಯ ಬುಡದಲ್ಲಿ ಏನಾದರೂ ಸಿಕ್ಕೀತು ಅಂತ ಇಬ್ಬರೂ ಬೋರೆಯ ಆಚೆ ಮಗ್ಗುಲಿಗೆ ಹೋದರು.

ಅಷ್ಟರಲ್ಲಿ ಊರು ಬೋರೆ ಏರಿತು. ಒಡೆದ ಕೆರೆಯ ನೀರು, ತುಂಬಿದ ಹಳ್ಳ ಎರಡೂ ಕೂಡಿ ಊರಿನೊಳಕ್ಕೆ ತಿರುಗಿ, ಮಣ್ಣುಗೋಡೆಗಳು ಕೂತವರು ಕೂತಲ್ಲೇ ಒರಗಿದ ಹಾಗೆ ಒರಗಿದ್ದವು. ಪಟೇಲರ ಮನೆಯ ಪಡಸಾಲೆಯಲ್ಲಿ ಸೊಂಟದುದ್ದ ನೀರು. ಪಟೇಲರ ಹೆಂಡತಿ ನೀಲಗಂಗಮ್ಮ, ನಲವತ್ತರ ಹೆಂಗಸು, ಊರಿನ ಹೆಣ್ಣುಮಕ್ಕಳನ್ನೆಲ್ಲ ಕರೆದುಕೊಂಡು ಹತ್ತಿ ಬಂದಳು. ಪಟೇಲ ಈಶ್ವರಯ್ಯ ಬರಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿದ್ದಾವೆ, ಬಿಚ್ಚಿಬಿಟ್ಟು ಬರುತ್ತೀನಿ ಅಂತ ಹಿಂದಕ್ಕೆ ಹೋದವನು ಕೊಟ್ಟಿಗೆ ಕುಸಿದರೂ ಕಾಣಲಿಲ್ಲ.

ನೀಲಗಂಗಮ್ಮ ಹುಚ್ಚಿಯ ಹಾಗೆ ಬೋರೆಯ ತುದಿ ಉದ್ದಕ್ಕೂ ನಡೆದಳು. ನಡೆಯುತ್ತಾ ನಡೆಯುತ್ತಾ ಊರಿನವರ ಕಡೆ ಮುಗಿದು ಕೇರಿಯವರ ಕಡೆ ಶುರುವಾದದ್ದೂ ಅವಳಿಗೆ ತಿಳಿಯಲಿಲ್ಲ. ಬಂಡೆಯ ಮರೆಗೆ ಬಂದವಳು ನಿಂತಳು. ಆ ಗರಗಸದಂಥ ಕಲ್ಲಿನ ಸೀಮೆಯಲ್ಲಿ ಯಾವ ಕಣ್ಣೂ ಕಂಡಿರದ ನುಣುಪು, ಕಪ್ಪು, ಮಳೆಯಲ್ಲಿ ಮಿರಮಿರ ಮಿಂಚುತ್ತಾ ಮೂರು ಕಲ್ಲು. ಮೇಲೆ ಹಸಿ ಅರಿಶಿನ, ಹಸಿ ಕುಂಕುಮ. ಸುತ್ತ ಯಾರೂ ಇಲ್ಲ. ಕೆರೆಯ ದಂಡೆಗಳಲ್ಲಿ ಹೆಂಗಸರು ಮೂರು ಕಲ್ಲಿಟ್ಟೇ ಗಂಗಮ್ಮನ ಪೂಜೆ ಮಾಡುವುದು. ಗಂಗಮ್ಮ ಕೆರೆ ಒಡೆದುಕೊಂಡು ಹೊರಗೆ ಬಂದು ಇಲ್ಲಿ ಕೂತಿದ್ದಾಳೆ. ಇದರಲ್ಲಿ ನೀಲಗಂಗಮ್ಮನಿಗೆ ಅನುಮಾನವೇ ಬರಲಿಲ್ಲ. ಕೆಸರಿನಲ್ಲಿ ಉದ್ದಕ್ಕೆ ಬಿದ್ದಳು.

ಬೆಟ್ಟಮ್ಮ ಸೌದೆ ಕಂತೆ ಸೆರಗಲ್ಲಿ ಮುಚ್ಚಿಕೊಂಡು ಬಂದಾಗ ಪಟೇಲರ ಹೆಂಡತಿ ಕೈಯ ಹಸಿರು ಬಳೆಗಳನ್ನು ಒಂದೊಂದೇ ಬಿಚ್ಚಿ ಒಲೆಯ ಮುಂದೆ ಇಡುತ್ತಿದ್ದಳು.

"ಅವ್ವಾ, ನನ್ನ ಯಜಮಾನ್ರನ್ನ ಕೊಡು. ಈ ಬಳೆ ನಿನ್ನವು, ವರ್ಷಾ ವರ್ಷ ಮಡ್ಲಕ್ಕಿ ನಿನ್ನದು. ನೀನು ಕೂತ ಜಾಗದಿಂದ ನಿನ್ನ ಯಾರೂ ಅಲ್ಲಾಡಿಸ್ದಂಗೆ ನಾನು ನೋಡ್ಕೊತೀನಿ."

ಮಾಯಮ್ಮ ಬೆಟ್ಟಮ್ಮನ ಪಕ್ಕೆ ತಿವಿದಳು. "ಅಕ್ಕಯ್ಯಾ, ನಿನ್ನ ಒಲೆಗೆ ಅಡ್ಡ ಬಿದ್ದವ್ರೆ ಕಣಕ್ಕ!"

"ಬೀಳ್ಲಿ ಬುಡು. ನಾನೂ ದಿನಾ ಅದ್ರ ಮುಂದೆ ಬಗ್ಗಿ ಊದ್ತಿರ್ಲಿಲ್ವಾ?"

"ಏಳಾಕಿಲ್ವಾ ಅವ್ರಿಗೆ?"

ಹೇಳಬೇಕು ಅಂತಲೇ ಬೆಟ್ಟಮ್ಮ ಬಾಯಿ ತೆರೆದಳು. ಗಂಡ ಸತ್ತನೋ ಬದುಕಿದನೋ ಅಂತ ಕೆಸರಿನಲ್ಲಿ ಹೊರಳುವ ಹೆಂಗಸಿಗೆ, ತಾಯೀ ಅದು ನಮ್ಮ ಗಂಜಿಯ ಒಲೆ ಅಂತ ಹೇಗೆ ಹೇಳುವುದು? ಬಾಯಿ ಮುಚ್ಚಿತು. ಅದೇ ಹೊತ್ತಿಗೆ ಬೋರೆಯ ಕೆಳಗಿಂದ ಕೂಗು. ನೀರಿನಲ್ಲಿ ಒಂದು ಎಮ್ಮೆ ಮೂಗೆತ್ತಿ ಈಜಿಕೊಂಡು ಬರುತ್ತಿತ್ತು. ಅದರ ಬಾಲ ಎರಡೂ ಕೈಯಲ್ಲಿ ಹಿಡಿದು, ಬೋಳು ತಲೆಗೆ ಪಾಚಿ ಮೆತ್ತಿಕೊಂಡು, ಮಾಚೇಕಟ್ಟೆಯ ಪಟೇಲರು ಹಿಂದೆ ಹಿಂದೆ ತೇಲಿ ಬರುತ್ತಿದ್ದರು.

ಊರಿನವರು ಹರಹರಾ ಅಂದರು. ನೀಲಗಂಗಮ್ಮ ಕಲ್ಲಿನ ಕಡೆ ತಿರುಗಿ ಎರಡೂ ಕೈಯಲ್ಲಿ ಕೆನ್ನೆಗೆ ಹೊಡೆದುಕೊಂಡಳು. ಬೆಟ್ಟಮ್ಮ ಬೇರೆ ಮೂರು ಒರಟು ಕಲ್ಲು ಹುಡುಕಿ ಗಂಜಿ ಕಾಯಿಸಿದಳು. ತವರಿನ ಗುಂಡುಗಳು ಅವತ್ತು ಉಪವಾಸ ಮಲಗಿದವು.

ನೀರು ಇಳಿಯಿತು. ದ್ಯಾವಯ್ಯ ಎಲ್ಲೂ ಸಿಗಲಿಲ್ಲ. ಊರು ಕೆಳಗಿಳಿದು ಗೋಡೆ ಎತ್ತಿಕೊಂಡಿತು. ಕೇರಿ ಬೋರೆಯ ಮೇಲೆಯೇ ತೆಂಗಿನ ಗರಿ ಹೊದಿಸಿಕೊಂಡು ಉಳಿಯಿತು. ಒಂದು ದಿನ ಪಟೇಲ ಈಶ್ವರಯ್ಯ ಆಳುಗಳ ಜೊತೆ ಬಂದು ನಿಂತ.

"ಏನ್ಲಾ ಬೈರ, ಇಲ್ಲೇ ಬೇರು ಬಿಡೋ ಹಂಗೆ ಕಾಣ್ತದೆ? ಮೇಲುಗಡೆ ಕೇರಿ, ಕೆಳಗಡೆ ಊರು, ಎಲ್ಲಾದ್ರೂ ಕಂಡಿದ್ದೀಯಾ? ತಗ್ಗು ಒಣಗ್ತಲೂ ಇಳೀರಿ."

ಬೈರಯ್ಯ ಕಂಬಳಿ ಕಂಕುಳಿಗೆ ಸಿಕ್ಕಿಸಿ, "ಆಗ್ಲಿ ಬುದ್ಧಿ," ಅಂದ. ಅಷ್ಟೇ ಅವನಿಗೆ ಬರುತ್ತಿದ್ದದ್ದು.

ಬೆಟ್ಟಮ್ಮ ತಗ್ಗಿನ ಕಡೆ ನೋಡಿದಳು. ಏರಿಯ ಬಾಯಿಗೆ ಆಗಲೇ ಮಣ್ಣು ತುಂಬಿಸುತ್ತಿದ್ದರು. ಇನ್ನೊಂದು ಚಿತ್ತೆ ಬರುತ್ತದೆ, ಇನ್ನೊಂದು ಕೋಡಿ ಕಟ್ಟುತ್ತಾರೆ, ಮೀನು ಮತ್ತೆ ಸೂರಿನ ಮೇಲೆ ಓಡಾಡುತ್ತವೆ. ಇಳಿದರೆ ಒಂದಲ್ಲ ಒಂದು ದಿನ ನೀರಿನಲ್ಲಿ ಸಾಯುವುದು. ಇಳಿಯದಿದ್ದರೆ ಪಟೇಲರ ಕೈಯಲ್ಲಿ. ಸೆರಗು ಹೊದ್ದು ಮುಂದೆ ಬಂದಳು.

"ಇಳೀತೀವಿ ಬುದ್ಧಿ. ಅವ್ವಾವ್ರ ಗಂಗಮ್ಮುಂಗೆ ದೀಪ ಹಚ್ಚೋರು ಯಾರು ಅಂತ ಅವ್ವಾವ್ರನ್ನ ಒಂದು ಮಾತು ಕೇಳ್ಕಬುಡಿ. ನಾಯಿ ಗೀಯಿ ಬಂದು ಕಾಲೆತ್ತಿದ್ರೆ ನಮ್ಮ ಮ್ಯಾಲೆ ಬರ್ಬಾರ್ದು."

ಈಶ್ವರಯ್ಯ ಮನೆಗೆ ಹೋಗಿ ಕೇಳಿದನೋ, ಕೇಳುವ ಮುಂಚೆಯೇ ನೀಲಗಂಗಮ್ಮ ಹೇಳಿದಳೋ. ತಿರುಗಿ ಬಂದು, "ಸದ್ಯಕ್ಕೆ ಇರ್ರಿ," ಅಂದ. ಕೇರಿ ಆ ಸದ್ಯದ ಮೇಲೆ ಗೋಡೆ ಕಟ್ಟಿತು.

ವರ್ಷಕ್ಕೊಂದು ದಿನ, ದೀಪಾವಳಿ ಕಳೆದ ಮೇಲಿನ ಒಂದು ಶುಕ್ರವಾರ, ನೀಲಗಂಗಮ್ಮ ಅರಿಶಿನ, ಬಳೆ, ಮಡಿಲಕ್ಕಿ ಹಿಡಿದು ಬರುತ್ತಿದ್ದಳು. ಹಿಂದಿನ ದಿನ ಬೆಟ್ಟಮ್ಮ ಗುಂಡುಗಳನ್ನು ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಮಸಿ ತೆಗೆದು, ಸುತ್ತ ಸಾರಿಸಿ ರಂಗೋಲಿ ಬಿಡುವಳು. ಶನಿವಾರ ಮತ್ತೆ ಮಡಕೆ ಏರುವುದು. ವರ್ಷಕ್ಕೊಂದು ದಿನ ದೇವರು, ಮಿಕ್ಕ ದಿನ ಒಲೆ. ಆ ಒಂದು ದಿನ ಬಿಟ್ಟು ಊರಿನವರು ಕೇರಿಯೊಳಕ್ಕೆ ಕಾಲಿಟ್ಟರೆ ತಾನೆ ಗೊತ್ತಾಗುವುದು? ಇಡುತ್ತಿರಲಿಲ್ಲ. ಮೈಲಿಗೆ. ಮೈಲಿಗೆಯಿಂದ ಕೇರಿಗೆ ಆದ ಒಂದೇ ಒಂದು ಉಪಕಾರ ಅದು.

"ಮಡ್ಲಕ್ಕಿ ಅನ್ನ ಮಾಡಾಕೆ ದೇವ್ರೇ ಒಲೆ ಆಯ್ತದಲ್ಲ, ಇಂಥ ದೇವ್ರು ಎಲ್ಲವ್ಳೆ ಏಳು!" ಅಂತ ಮಾಯಮ್ಮ ನಗುವಳು.

ಬೆಟ್ಟಮ್ಮ ಅಷ್ಟು ನಗುತ್ತಿರಲಿಲ್ಲ. ಬೋರೆಗೆ ಬಂದ ಮೇಲೆ ಅವಳಿಗೊಂದು ಅಭ್ಯಾಸ ಹತ್ತಿತ್ತು. ಚಳಿಗಾಲದ ಬೆಳಗ್ಗೆ ಎದ್ದು ಬೋರೆಯ ತುದಿಗೆ ಹೋಗಿ ಕೂರುವಳು. ಕೆಳಗೆ ತಗ್ಗು, ಹಳ್ಳ, ಊರು ಎಲ್ಲಾ ಮಂಜಿನಲ್ಲಿ ಮುಳುಗಿರುತ್ತಿದ್ದವು. ತೆಂಗಿನ ತಲೆಗಳು ಮಾತ್ರ ಮೇಲೆ. ಮತ್ತೆ ನೆರೆ ಬಂದ ಹಾಗೆ, ಆದರೆ ಬೆಳ್ಳಗೆ, ಸದ್ದಿಲ್ಲದೆ, ಯಾರನ್ನೂ ಮುಳುಗಿಸದೆ. ಅದರೊಳಗೆ ದ್ಯಾವಯ್ಯ ಕಂಬಳಿ ಹೊದ್ದು ನಡೆಯುತ್ತಿದ್ದಾನೆ ಅನ್ನಿಸುವುದು. ತಾನು ಹುಟ್ಟಿದ ಹೊಳೆ ಅಲ್ಲಿಂದಲೇ ತಿರುಗಿ ಹೋಗುತ್ತಿದೆ ಅನ್ನಿಸುವುದು. ಬೆನ್ನ ಹಿಂದೆ ಕೇರಿಯ ಹೊಗೆ ಏಳುವುದು, ಯಾರದೋ ಮಗು ಅಳುವುದು, ಒಣಗಿದ ನೆಲದ ಮೇಲೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ನಿದ್ದೆಯಲ್ಲಿ ಮೀನು ಕಾಣುವುದು ನಿಂತಿತ್ತು.

ದೇಶಕ್ಕೆ ಸ್ವಾತಂತ್ರ್ಯ ಬರುತ್ತದಂತೆ ಅನ್ನುವ ಮಾತು ಬಾಗೂರಿನ ಸಂತೆಯಲ್ಲಿ ಕೇಳುತ್ತಿದ್ದ ದಿನಗಳಲ್ಲಿ ಪಟೇಲರಿಗೆ ಗುಡಿಯ ಹುಚ್ಚು ಹಿಡಿಯಿತು. ಎಮ್ಮೆ ಬಾಲ ಹಿಡಿದು ಬಂದ ಪಟೇಲ ಅಂತ ಸುತ್ತೂರಿನವರು ಆಡಿಕೊಂಡದ್ದು ಸಾಕಾಗಿತ್ತು. ಗಂಗಮ್ಮ ಕಾಪಾಡಿದ ಪಟೇಲ ಅನ್ನಿಸಿಕೊಳ್ಳಬೇಕು. ಬೋರೆಯ ಮೇಲೆ ಕಲ್ಲಿನ ಗುಡಿ, ಸುತ್ತ ಪೌಳಿ. ಕಂಬ ಕೆತ್ತಿಸಿ ಗಾಡಿಯಲ್ಲಿ ತರಿಸಿದ. ತಳವಾರನ ಕೈಲಿ ಹೇಳಿಕಳಿಸಿದ: ಗುದ್ದಲಿ ಪೂಜೆಯ ಹೊತ್ತಿಗೆ ಕೇರಿ ಖಾಲಿಯಾಗಿರಬೇಕು, ದೇವರ ಮುಂದೆ ಹೊಲಗೇರಿ ಇರಬಾರದು, ತಗ್ಗು ಒಣಗಿದೆ.

ಕೇರಿಯ ಗಂಡಸರು ಕೂತು ಮಾತಾಡಿದರು.

"ಇಳ್ಯಾಣ," ಅಂದ ಬೈರಯ್ಯ. "ದೇವ್ರ ಕೆಲ್ಸ ಅಂತವ್ರೆ. ಅಡ್ಡ ಬಂದ್ರೆ ಬಡ್ದು ಆಕ್ತಾರೆ."

"ದೇವ್ರು ಯಾವ್ದು ಅಂತ ಗೊತ್ತಲ್ಲ ನಿಂಗೆ. ನೀನೇ ಒತ್ಕಬಂದೆ," ಅಂದಳು ಬೆಟ್ಟಮ್ಮ.

"ಅದ್ನ ಏಳ್ಬುಟ್ರೆ ಇರೋ ಆಸರೆನೂ ಓಯ್ತದೆ ಕಣಮ್ಮಿ. ದೇವ್ರು ಅಂತ ತಾನೆ ಇಷ್ಟು ದಿನ ಬುಟ್ಟಿರೋದು?"

ಅವನು ಹೇಳಿದ್ದು ಸುಳ್ಳಲ್ಲ. ಹೇಳದಿದ್ದರೆ ದೇವರು ಓಡಿಸುತ್ತದೆ, ಹೇಳಿದರೆ ಪಟೇಲ ಓಡಿಸುತ್ತಾನೆ. ಬೆಟ್ಟಮ್ಮ ಎದ್ದು ಬೋರೆಯ ತುದಿಗೆ ಹೋದಳು. ಕೆರೆ ತುಂಬಿ ಹೊಳೆಯುತ್ತಿತ್ತು. ಕೋಡಿಯ ಬಾಯಲ್ಲಿ ಮತ್ತೆ ಯಾರೋ ಕಲ್ಲು ಪೇರಿಸಿದ್ದರು. ಬಹಳ ಹೊತ್ತು ಅದನ್ನೇ ನೋಡಿದಳು.

ಗುದ್ದಲಿ ಪೂಜೆಯ ಬೆಳಗ್ಗೆ ಬಿಸಿಲು ಚೆನ್ನಾಗಿತ್ತು. ಓಲಗದವರು ಮುಂದೆ, ಪೂಜೆ ಮಾಡಿಸುವ ಚಂದ್ರಯ್ಯನವರು ಹಿಂದೆ, ಜರಿ ರುಮಾಲು ಕಟ್ಟಿದ ಪಟೇಲರು, ಹಿಂದೆ ನೀಲಗಂಗಮ್ಮ, ಅವಳ ಹಿಂದೆ ಊರು. ಕೇರಿ ಖಾಲಿಯಾಗಿರಲಿಲ್ಲ. ಗಂಡಸರು ಗೋಡೆಗೆ ಅಂಟಿ ನಿಂತಿದ್ದರು. ಬಂಡೆಯ ಮರೆಯಲ್ಲಿ ಮೂರು ಗುಂಡಿನ ಮೇಲೆ ಮಸಿ ಹಿಡಿದ ಮಡಕೆ ಕೂತಿತ್ತು. ಹುರುಳಿ ಕುದಿಯುತ್ತಿತ್ತು. ಬೆಟ್ಟಮ್ಮ ಮೊಣಕಾಲೂರಿ, ಕೆನ್ನೆ ಉಬ್ಬಿಸಿ, ಒಲೆ ಊದುತ್ತಿದ್ದಳು.

ಓಲಗ ನಿಂತಿತು. ಹೊಗೆ ಊರಿನವರ ಮುಖಕ್ಕೇ ಹೋಯಿತು.

"ಏನಮ್ಮಾ ಇದು! ದೇವರ ಮೇಲೆ ಮಡಕೆ!" ಅಂದರು ಚಂದ್ರಯ್ಯನವರು.

ಬೆಟ್ಟಮ್ಮ ಕಣ್ಣೊರೆಸಿಕೊಂಡು ಎದ್ದಳು. "ಮೊದ್ಲಿಂದ್ಲೂ ಇಂಗೇ ಅದೆ ಸ್ವಾಮಿ. ನಮ್ಮವ್ವ ಕೊಣನೂರ ಒಳೆಯಿಂದ ತೆಗ್ದುಕೊಟ್ಟ ಒಲೆಗುಂಡು. ಬೇಕಾದ್ರೆ ನನ್ನ ಗಂಡನ್ನ ಕೇಳಿ, ಒತ್ಕಬಂದವ್ನು ಅವ್ನೇ."

"ಒದ್ದು ಎಸೀರ್ಲಾ ಆ ಮಡಕೆಯ!" ಈಶ್ವರಯ್ಯ ಮುಂದೆ ನುಗ್ಗಿದ. ಆಳುಗಳು ಅಲ್ಲಾಡಲಿಲ್ಲ. ಒದೆಯುವುದು ಮಡಕೆಗೋ ದೇವರಿಗೋ ಅವರಿಗೆ ಗೊತ್ತಾಗಲಿಲ್ಲ.

"ಒದೀರಿ ಬುದ್ಧಿ," ಅಂದಳು ಬೆಟ್ಟಮ್ಮ. "ದೇವ್ರಾದ್ರೆ ಇಷ್ಟು ವರ್ಸ ನಮ್ಮ ಗಂಜಿ ಮಡಕೆ ಒತ್ತವ್ಳೆ, ನಮ್ಮ ಕೇರಿ ಬುಟ್ಟು ಬರಾಕಿಲ್ಲ. ಕಲ್ಲಾದ್ರೆ ನಮ್ಮ ಕಲ್ಲು. ಯಾವ್ದಾದ್ರೂ ಸರಿ, ಈ ಗುಂಡು ಆ ತಗ್ಗಿಗೆ ಇಳ್ಯಾಕಿಲ್ಲ. ಒಂದ್ಸಲ ನೋಡಾಯ್ತು. ದ್ಯಾವಯ್ಯನ ಹೆಣ ಇನ್ನೂ ಸಿಕ್ಕಿಲ್ಲ."

ಯಾರೋ ಹಿಂದಿನಿಂದ ಕಿಸಕ್ಕಂದರು. ಯಾರೋ ಸುಮ್ಮನಿರಿಸಿದರು. ನೀಲಗಂಗಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಕೈಯಲ್ಲಿ ಮಡಿಲಕ್ಕಿಯ ತಟ್ಟೆ ಹಾಗೇ ಇತ್ತು. ಮುಖದಲ್ಲಿ ಕೋಪವೋ ನಾಚಿಕೆಯೋ ಹೇಳುವ ಹಾಗಿರಲಿಲ್ಲ.

"ಬೆಟ್ಟೀ, ಆ ದಿನಾನೂ ಇದು ಒಲೆನೇನೇ?"

"ಹೂಡಿದ್ದೆ ಅವ್ವಾ. ಬೆಂಕಿ ಆಕಿರ್ಲಿಲ್ಲ. ನೀವು ಅಡ್ಡ ಬಿದ್ಬುಟ್ರಿ, ನಾನೆಂಗೆ ಹಚ್ಲಿ?"

"ಯಾಕೆ ಹೇಳ್ಲಿಲ್ಲ?"

"ನಿಮ್ಮ ಯಜಮಾನ್ರು ನೀರಲ್ಲಿದ್ರು."

ನೀಲಗಂಗಮ್ಮ ಕುದಿಯುವ ಹುರುಳಿಯನ್ನು ನೋಡಿದಳು. ಆ ಬೆಳಗಿನ ಮಳೆ, ಕೆಸರು, ಬರಿದಾದ ಕೈ ಎಲ್ಲಾ ಅವಳ ಕಣ್ಣೊಳಗೆ ತಿರುಗಿ ಬಂದ ಹಾಗಿತ್ತು. ಆಮೇಲೆ ಗಂಡನ ಕಡೆ ತಿರುಗಿ, ಅವನಿಗಷ್ಟೇ ಅನ್ನುವ ಹಾಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಒಲೆ ಅಂತ ಇವ್ರನ್ನ ಓಡಿಸ್ತೀರಾ? ಓಡ್ಸಿ. ಪಟೇಲರ ಹೆಂಡ್ತಿ ವರ್ಷಾ ವರ್ಷ ಹೊಲಗೇರಿ ಒಲೆಗೆ ಮಡ್ಲಕ್ಕಿ ತುಂಬಿದ್ಲು ಅಂತ ನುಗ್ಗೇಹಳ್ಳಿ ತನಕ ಸಾರ್ಕೊಂಡು ಬನ್ನಿ. ದೇವ್ರು ಅಂತ ಗುಡಿ ಕಟ್ತೀರಾ? ಕಟ್ಟಿ. ಹುರುಳಿ ಬೆಂದ ದೇವ್ರಿಗೆ ಚಂದ್ರಯ್ಯನೋರು ಮಂಗಳಾರತಿ ಎತ್ತುತಾರೇನೋ ಕೇಳಿ."

ಚಂದ್ರಯ್ಯನವರು ಆಕಾಶ ನೋಡಿದರು.

"ನೀವು ಬದುಕಿ ಬಂದ್ರಿ," ಅಂದಳು ನೀಲಗಂಗಮ್ಮ. "ಯಾರು ಕಳಿಸಿದ್ರೋ ನನಗ್ಯಾಕೆ? ಅಲ್ಲಾಡಿಸಾಕೆ ಬಿಡಲ್ಲ ಅಂತ ನಾನು ಮಾತು ಕೊಟ್ಟಿದ್ದೀನಿ. ಒಲೆಗೆ ಕೊಟ್ರೂ ಮಾತು ಮಾತೇ." ತಟ್ಟೆಯನ್ನು ಬೆಟ್ಟಮ್ಮನ ಮುಂದೆ ನೆಲದ ಮೇಲೆ ಇಟ್ಟು, ತಿರುಗಿ ನೋಡದೆ ಬೋರೆ ಇಳಿದಳು. ಇಬ್ಬರೂ ಮುಂದೆ ಗೆಳತಿಯರಾದರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅವತ್ತಿನಿಂದ ನೀಲಗಂಗಮ್ಮ ಬೋರೆ ಹತ್ತಲಿಲ್ಲ, ಬೆಟ್ಟಮ್ಮನನ್ನು ಮಾತಾಡಿಸಲೂ ಇಲ್ಲ.

ಗುಡಿ ಏಳಲಿಲ್ಲ. ಕಂಬಗಳು ಲಂಟಾನದೊಳಗೆ ಮಲಗಿದವು. ಪಟೇಲ ಬಹಳ ದಿನ ಹಲ್ಲು ಕಡಿದ, ಕೇರಿಯವರಿಗೆ ಒಂದು ಸುಗ್ಗಿ ಕೆಲಸ ಕೊಡಲಿಲ್ಲ, ಹಸಿವು ಕಚ್ಚಿತು. ಆದರೆ ಬಂದು ಕೀಳುವ ಧೈರ್ಯ ಮಾಡಲಿಲ್ಲ. ಕಿತ್ತರೆ ಕಥೆ ಊರೂರಿಗೆ ಹೋಗುತ್ತದೆ. ಮುಂದಿನ ಚಿತ್ತೆಯಲ್ಲೋ ಅದರ ಮುಂದಿನದರಲ್ಲೋ ಏರಿ ಮತ್ತೆ ಬಿರಿಯಿತು. ತಗ್ಗಿಗೆ ಎದೆಯುದ್ದ ನೀರು ಬಂತು. ಅಲ್ಲಿ ಯಾರೂ ಇರಲಿಲ್ಲ. ಬೆಟ್ಟಮ್ಮ ಬೋರೆಯ ತುದಿಯಲ್ಲಿ ಕೂತು ಆ ಖಾಲಿ ನೀರನ್ನು ಮಧ್ಯಾಹ್ನದವರೆಗೂ ನೋಡಿದಳು. ಏನೂ ತೇಲಿ ಬರಲಿಲ್ಲ. ಮೋಡ ಮಾತ್ರ ತೇಲಿತು. ನೋಡುತ್ತಾ ನೋಡುತ್ತಾ ಕೂತಲ್ಲೇ ಅವಳಿಗೆ ನಿದ್ದೆ ಬಂತು. ಯಾರೂ ಎಬ್ಬಿಸಲಿಲ್ಲ.

ಅವಳು ಮುದುಕಿಯಾಗಿ, ಅದೇ ಬೋರೆಯ ಮೇಲೆ, ಒಣನೆಲದಲ್ಲಿ ಸತ್ತಳು. ಅಷ್ಟೇ ಅವಳು ಗೆದ್ದದ್ದು. ಆ ಜಾಗದ ಕಾಗದ ಇವತ್ತಿಗೂ ಕೇರಿಯವರ ಹೆಸರಿಗಿಲ್ಲ, ದಾಖಲೆಯಲ್ಲಿ ಅದು ದನ ಮೇಯುವ ನೆಲ.

ಇದನ್ನು ಓದಿ ಮುಗಿಸಿದವರು ಎದ್ದು ಹೊರಗೆ ಹೋಗಿ. ನಿಮ್ಮೂರಿನ ಕೆರೆ ಏರಿಯ ಬುಡದಲ್ಲಿ ಯಾರ ಮನೆ ಇದೆ, ಹಳ್ಳದ ಬಾಯಲ್ಲಿ ಯಾರ ಮಕ್ಕಳು ಮಲಗುತ್ತವೆ, ನೋಡಿ ಬನ್ನಿ. ಎತ್ತರದ ಜಾಗ ಯಾರಿಗೋಸ್ಕರ ಖಾಲಿ ಬಿದ್ದಿದೆ ಅಂತ ಕೇಳಿ. ಅಯ್ಯೋ ಪಾಪ ಅನ್ನಬೇಡಿ, ಅದರಿಂದ ಯಾರ ಸೂರೂ ಒಣಗುವುದಿಲ್ಲ. ಅಲ್ಲೊಂದು ದೇವರು ಹುಟ್ಟಲಿ ಅಂತಲೂ ಕಾಯಬೇಡಿ. ಮುಂದಿನ ಮಳೆಗೆ ಮೊದಲು ಸರಪಳಿ ತಂದು ಆ ನೆಲ ಅಳೆಯಿರಿ, ಅವರ ಹೆಸರಿಗೆ ಬರೆದುಕೊಡಿ.